ಸಿಲಿಂಡರ್ ಸರಿ, ಗುಂಡು ಮಾತ್ರ ಸೊಟ್ಟ: ತಪ್ಪು ಲೇತಿನದ್ದೋ, ಟೂಲಿನ ಮೂಗಿನದ್ದೋ?

ಓದುಗರ ಪ್ರಶ್ನೆ: ನನ್ನ ಹತ್ತಿರ ಒಂದು ಪುಟ್ಟ ಲೇತ್ ಇದೆ. ಕೈಯಲ್ಲಿ ತಿರುಗಿಸುವ ಯಂತ್ರವಾಗಿತ್ತು, ನಾನೇ ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ಕೂರಿಸಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರ, ಮಾಡಿಕೊಂಡೆ. ಸಿಲಿಂಡರ್ ತಿರುವಿದರೆ ಅಳತೆ 0.01 ಮಿ.ಮೀ. ಒಳಗೆ ಬರುತ್ತದೆ. ಫೇಸಿಂಗ್ (ರಾಡಿನ ತುದಿಯನ್ನು ಚಪ್ಪಟೆ ಮಾಡುವುದು) ಕೂಡ ಚೆನ್ನಾಗಿದೆ. ಆದರೆ ಅಲ್ಯೂಮಿನಿಯಂ ರಾಡಿನ ತುದಿಯಲ್ಲಿ 20 ಮಿ.ಮೀ. ವ್ಯಾಸದ ಗುಂಡು ಮಾಡಲು ಹೋದರೆ ಅದು ಗುಂಡಾಗುವುದೇ ಇಲ್ಲ. ಮುಂಭಾಗ ಉಬ್ಬಿದ ಹಾಗೆ, ಚಕ್ (ರಾಡನ್ನು ಹಿಡಿದು ತಿರುಗಿಸುವ ಭಾಗ) ಕಡೆಯ ಭಾಗ ಸೊರಗಿದ ಹಾಗೆ ಕಾಣುತ್ತದೆ. ನಡುವಿನಿಂದ ಮುಂದಕ್ಕೆ 5 ಮಿ.ಮೀ. ದೂರದಲ್ಲಿ ಸುಮಾರು 17.6, ಹಿಂದಕ್ಕೆ 5 ಮಿ.ಮೀ. ದೂರದಲ್ಲಿ ಸುಮಾರು 16.6 ಬರುತ್ತಿದೆ. ನಟ್ಟನಡುವೆ ಮೈಕ್ರೋಮೀಟರ್ ಹಿಡಿದರೆ 19.92. ಅಲ್ಲೇ ಒಂದು ಮಿ.ಮೀ. ಅಗಲದ ಹೊಳೆಯುವ ಪಟ್ಟಿಯೂ ಇದೆ. 10ರ ರೇಡಿಯಸ್ ಗೇಜಿಗಿಂತ 9.5ರದ್ದೇ ಚೆನ್ನಾಗಿ ಕೂರುತ್ತದೆ! ಸಾಫ್ಟ್‌ವೇರಿನಲ್ಲಿ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಾದಾಗ ಕಾಣುವ ಸಡಿಲ) 0.1 ಅಂತ ಹಾಕಿ ನೋಡಿದೆ. ಸಿಲಿಂಡರಿನ ಅಳತೆಯೂ ಕೆಟ್ಟಿತು, ಹಾಗಾಗಿ ವಾಪಸ್ ಸೊನ್ನೆ ಮಾಡಿದೆ. ಮೈಕ್ರೋಸ್ಟೆಪ್ (ಮೋಟಾರಿನ ಒಂದು ಹೆಜ್ಜೆಯನ್ನು ಒಡೆಯುವ ಭಾಗಗಳು) ಜಾಸ್ತಿ ಮಾಡಿದೆ, ಏನೂ ಬದಲಾಗಲಿಲ್ಲ. ಗೆಳೆಯರು ಎರಡೂ ಆಕ್ಸಿಸ್‌ಗೆ ಬಾಲ್ ಸ್ಕ್ರೂ (ಸಡಿಲ ಕಡಿಮೆ ಇರುವ ಸ್ಕ್ರೂ) ಹಾಕು ಅನ್ನುತ್ತಾರೆ. ಹಾಕಬೇಕಾ? ಟೂಲ್ 35 ಡಿಗ್ರಿ ಇನ್ಸರ್ಟ್ (ಬದಲಿಸಬಹುದಾದ ಕತ್ತರಿಸುವ ತುಂಡು), ನೋಸ್ ರೇಡಿಯಸ್, ಅಂದರೆ ಅದರ ಮೂಗಿನ ದುಂಡು, 0.4. ಗುಂಡಿನ ಹಿಂದಿನ ಕತ್ತು 13 ಮಿ.ಮೀ.

ಉತ್ತರ:

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ದೊಡ್ಡದಕ್ಕೂ ನಿಮ್ಮ ಲೇತಿಗೂ ಸಂಬಂಧವೇ ಇಲ್ಲ. ಅತ್ಯಂತ ದುಬಾರಿ ಯಂತ್ರದಲ್ಲಿ ಇದೇ ಪ್ರೋಗ್ರಾಂ ಓಡಿಸಿದರೂ ಗುಂಡು ಹೀಗೇ ಉಬ್ಬಿ, ಹೀಗೇ ಸೊರಗುತ್ತಿತ್ತು. ಬಾಲ್ ಸ್ಕ್ರೂ ಹಾಕಿಯೂ ಅದು ಹೋಗುವುದಿಲ್ಲ.

"ಸಿಲಿಂಡರ್ ಸರಿ ಬಂತು ಅಂದರೆ ಟೂಲ್ ಸೆಟ್ಟಿಂಗ್ ಸರಿ ಇದೆ" ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ನನಗೂ ಇತ್ತು. ಶುರುವಿನ ದಿನಗಳಲ್ಲಿ ಹಿತ್ತಾಳೆಯ ಒಂದು ಹಿಡಿ ಮಾಡಲು ಹೋಗಿ ಎರಡು ದಿನ ಜಿಬ್ (ಸ್ಲೈಡಿನ ಪಕ್ಕದ ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡುತ್ತಾ, ಸಡಿಲಿಸುತ್ತಾ ಕೂತಿದ್ದೆ. ಜಿಬ್ ಪಾಪ, ಏನೂ ತಪ್ಪು ಮಾಡಿರಲಿಲ್ಲ.

ನೀವು ಟೂಲ್ ಸೆಟ್ ಮಾಡುವಾಗ ಏನಾಗುತ್ತದೆ ನೋಡಿ. ಸಿಲಿಂಡರ್ ತಿರುವಿ, ಅಳೆದು, ಎಕ್ಸ್ (ಅಡ್ಡ ಅಳತೆ, ವ್ಯಾಸದ ಲೆಕ್ಕದಲ್ಲಿ) ಕೂರಿಸುತ್ತೀರಿ. ಆಗ ಜಾಬ್ (ತಿರುವುತ್ತಿರುವ ತುಂಡು) ಮುಟ್ಟಿದ್ದು ಟೂಲಿನ ಮೂಗಿನ ಒಂದು ಬಿಂದು. ಆಮೇಲೆ ಫೇಸ್ ಮುಟ್ಟಿಸಿ ಝಡ್ (ಉದ್ದದ ಅಳತೆ) ಕೂರಿಸುತ್ತೀರಿ. ಈಗ ಮುಟ್ಟಿದ್ದು ಮೂಗಿನ ಇನ್ನೊಂದು ಬಿಂದು. ಕಂಟ್ರೋಲರ್ ಈ ಎರಡನ್ನೂ ಸೇರಿಸಿ, ಅಲ್ಲಿ ಒಂದು ಚೂಪು ಮೂಲೆ ಇದೆ ಅಂದುಕೊಳ್ಳುತ್ತದೆ. ನಿಜದಲ್ಲಿ ಅಲ್ಲಿ ಲೋಹವೇ ಇಲ್ಲ. ಮೂಗು ದುಂಡಗಿದೆ, ಮೂಲೆ ಬರೀ ಗಾಳಿ. ಸಿಲಿಂಡರಿಗೆ ಮೊದಲ ಬಿಂದು ಸಾಕು, ಫೇಸಿಗೆ ಎರಡನೆಯದು ಸಾಕು. ಹಾಗಾಗಿ ಎರಡೂ ಕರಾರುವಾಕ್ಕಾಗಿ ಬರುತ್ತವೆ. ಇಳಿಜಾರು ಬಂದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ಆಗ ಕತ್ತರಿಸುವುದು ಆ ಎರಡು ಬಿಂದುಗಳ ನಡುವಿನ ದುಂಡು ಭಾಗ. ಅದು ಕಂಟ್ರೋಲರ್ ಅಂದುಕೊಂಡ ಮೂಲೆಗಿಂತ ಹಿಂದಿದೆ. ಅಷ್ಟು ಲೋಹ ಜಾಬಿನ ಮೇಲೆ ಉಳಿದುಬಿಡುತ್ತದೆ.

ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಬಹುದು. 45 ಡಿಗ್ರಿಯಲ್ಲಿ ನೋಸ್ ರೇಡಿಯಸ್ಸಿನ 0.414 ಪಟ್ಟು. ನಿಮ್ಮ 0.4ಕ್ಕೆ 0.166 ಮಿ.ಮೀ., ಅದೂ ಒಂದು ಬದಿಗೆ. 0.8ರ ಇನ್ಸರ್ಟ್ ಆಗಿದ್ದರೆ 0.33.

ಗುಂಡಿನ ಮುಂಭಾಗ ಉಬ್ಬಿದ್ದು ಇದರಿಂದ. ಹಿಂಭಾಗ ಸೊರಗಿದ್ದು ಯಾಕೆ? ಅದೂ ಇದರಿಂದಲೇ. ಸೊಂಟ (ಗುಂಡಿನ ನಟ್ಟನಡುವಿನ ಅತಿ ದಪ್ಪ ಜಾಗ) ದಾಟಿ ಟೂಲ್ ಇಳಿಯಲು ಶುರು ಮಾಡಿದಾಗ ಮೂಗಿನ ಬಲಭಾಗ ಜಾಬನ್ನು ಮುಟ್ಟುತ್ತದೆ. ಕಂಟ್ರೋಲರ್ ಲೆಕ್ಕವಿಟ್ಟಿರುವುದು ಎಡಮೂಲೆಯನ್ನು. ಅದರ ಲೆಕ್ಕದಲ್ಲಿ ಇಲ್ಲದ ಒಂದಿಷ್ಟು ಟೂಲ್ ಬಲಗಡೆ ಇದೆ, ಅದು ಗುಂಡನ್ನು ಕೆರೆದು ಹಾಕುತ್ತದೆ. ಇಲ್ಲಿ ನಷ್ಟ ಇನ್ನೂ ಜಾಸ್ತಿ: 45 ಡಿಗ್ರಿಯಲ್ಲಿ ಪೂರ್ತಿ ಒಂದು ನೋಸ್ ರೇಡಿಯಸ್, ಅಂದರೆ ನಿಮಗೆ 0.4 ಮಿ.ಮೀ.

ನಿಮ್ಮ ಅಳತೆಯನ್ನೇ ಇದರ ಪಕ್ಕ ಇಡೋಣ. 20ರ ಗುಂಡಿನಲ್ಲಿ ಸೊಂಟದಿಂದ 5 ಮಿ.ಮೀ. ದೂರದಲ್ಲಿ ವ್ಯಾಸ 17.32 ಇರಬೇಕು. ಮೂಗಿನ ಲೆಕ್ಕ ಬಿಟ್ಟರೆ ಮುಂದೆ 17.65, ಹಿಂದೆ 16.67 ಬರಬೇಕು. ನಿಮಗೆ ಬಂದದ್ದು 17.6 ಮತ್ತು 16.6. ಇಳಿಜಾರಿನ ಮೇಲೆ ವರ್ನಿಯರ್ ಹಿಡಿದಾಗ ಜಾಗ 0.1 ಮಿ.ಮೀ. ಸರಿದರೆ ವ್ಯಾಸವೂ 0.1ಕ್ಕಿಂತ ಜಾಸ್ತಿ ಬದಲಾಗುತ್ತದೆ. ಹಾಗಾಗಿ ಆ ಎರಡು ಸಂಖ್ಯೆಗಳ ಎರಡನೇ ದಶಮಾಂಶವನ್ನು ನಾನು ನಂಬುವುದಿಲ್ಲ. ಆದರೆ ಮುಂದೆ ಜಾಸ್ತಿ, ಹಿಂದೆ ಅದರ ಎರಡರಷ್ಟು ಕಡಿಮೆ ಅನ್ನುವ ಈ ಚಹರೆ ಇದೆಯಲ್ಲ, ಅದು ಮೂಗಿನ ರುಜು.

ನನಗೆ ಅತ್ಯಂತ ಖುಷಿ ಕೊಟ್ಟದ್ದು ನಿಮ್ಮ ಗೇಜಿನ ಮಾತು. ಮೂಗಿನ ಲೆಕ್ಕ ಹಾಕದೆ ತಿರುವಿದ ಉಬ್ಬು ಕಮಾನಿನ ರೇಡಿಯಸ್ ಸರಿಯಾಗಿ ಒಂದು ನೋಸ್ ರೇಡಿಯಸ್ಸಿನಷ್ಟು ಕಡಿಮೆ ಬರುತ್ತದೆ. ನಿಮಗೆ ಬೇಕಾಗಿದ್ದದ್ದು 10, ಬಂದಿರುವುದು 9.6. 9.5ರ ಗೇಜ್ ಕೂರದೆ ಇನ್ನೇನು ಮಾಡೀತು! ಕಮಾನು ಸೊಟ್ಟಗಿಲ್ಲ. ಅದು ಚಿಕ್ಕ ಕಮಾನು, ಜಾಗ ತಪ್ಪಿ ಕೂತಿದೆ, ಅಷ್ಟೇ.

ಇಷ್ಟಾದರೂ ಅನುಮಾನ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಫೇಸ್ ಮಾಡಿದ 20ರ ರಾಡಿಗೆ ಎಕ್ಸ್ 10ರಿಂದ ಎಕ್ಸ್ 20ರ ತನಕ 45 ಡಿಗ್ರಿ ಚೇಂಫರ್ (ಇಳಿಜಾರು ಅಂಚು) ಹೊಡೆಯಿರಿ. ಮುಂದಿನ ಚಪ್ಪಟೆ ವೃತ್ತದ ವ್ಯಾಸ 10 ಇರಬೇಕು. 10.47ರ ಆಸುಪಾಸು ಬಂದರೆ ಅಪರಾಧಿ ಸಿಕ್ಕಿಬಿದ್ದ ಹಾಗೆ. ಇದರಲ್ಲಿ ಟೂಲ್ ದಿಕ್ಕು ತಿರುಗಿಸುವುದೇ ಇಲ್ಲ. ಹಾಗಾಗಿ ಬ್ಯಾಕ್‌ಲ್ಯಾಶ್ ಪಾಲು ಇದ್ದರೂ ಚೂರೇ ಚೂರು.

ಈಗ ಪರಿಹಾರ. ಮೂರು ದಾರಿಗಳಿವೆ.

ಕಂಟ್ರೋಲರಿಗೇ ಮೂಗಿನ ಲೆಕ್ಕ ಕೊಡುವುದು ಮೊದಲ ದಾರಿ. ಪ್ರೋಗ್ರಾಮಿನ ಜಿ41, ಜಿ42 ಆಜ್ಞೆಗಳು ಇರುವುದು ಇದಕ್ಕೇ. ಹೊರಮೈಯನ್ನು ಚಕ್ ಕಡೆಗೆ ತಿರುವುವಾಗ ಸಾಮಾನ್ಯವಾಗಿ ಜಿ42, ಮುಗಿದ ಮೇಲೆ ಅದನ್ನು ನಿಲ್ಲಿಸುವ ಜಿ40. ಇಲ್ಲಿ ಜನ ಎಡವುವ ಜಾಗಗಳು ಕೆಲವು ಇವೆ. ಟೂಲ್ ಟೇಬಲಿನಲ್ಲಿ ಲಿನಕ್ಸ್‌ಸಿಎನ್‌ಸಿ ಎಂಬ ಕಂಟ್ರೋಲರ್ ಸಾಫ್ಟ್‌ವೇರ್ ಕೇಳುವುದು ವ್ಯಾಸವನ್ನು, ಅಂದರೆ ನೀವು 0.8 ಅಂತ ತುಂಬಬೇಕು. ಫ್ಯಾನುಕ್ ಕಂಪನಿಯ ಮಾದರಿಯ ಕಂಟ್ರೋಲರ್‌ಗಳು ಕೇಳುವುದು ರೇಡಿಯಸ್ಸನ್ನು, ಅಲ್ಲಿ 0.4. ಇದರ ಜೊತೆ ಮೂಗು ಯಾವ ಕಡೆಗೆ ಮುಖ ಮಾಡಿದೆ ಅನ್ನುವ ಒಂದು ಅಂಕಿಯನ್ನೂ ಕೊಡಬೇಕು. ಅದನ್ನು ತಪ್ಪು ಕೊಟ್ಟರೆ ಗುಂಡು ಮೊದಲಿಗಿಂತ ಹಾಳಾಗುತ್ತದೆ. ನಿಮ್ಮ ಟೂಲ್‌ಪೋಸ್ಟ್ (ಟೂಲ್ ಹಿಡಿಯುವ ಭಾಗ) ಮುಂದಿದ್ದರೆ ಮೇಲಿನಿಂದ ನೋಡುವಾಗ ಎಡ ಬಲ, ಪ್ರದಕ್ಷಿಣೆ ಅಪ್ರದಕ್ಷಿಣೆ ಎಲ್ಲಾ ಉಲ್ಟಾ ಕಾಣುತ್ತದೆ. ಕಣ್ಣಂದಾಜಿನಲ್ಲಿ ತೀರ್ಮಾನ ಮಾಡಬೇಡಿ, ಪರದೆಯ ಮೇಲೆ ಟೂಲಿನ ದಾರಿ ನೋಡಿ ಮಾಡಿ. ಇನ್ನೊಂದು: ಜಿ42 ಚಾಲೂ ಮಾಡುವುದು ಗಾಳಿಯಲ್ಲಿ, ಮೂಗಿನ ರೇಡಿಯಸ್ಸಿಗಿಂತ ಉದ್ದದ ಒಂದು ನೇರ ಚಲನೆಯಲ್ಲಿ. ಜಾಬಿನ ಮೇಲೆ ಚಾಲೂ ಮಾಡಿದರೆ ಅಲ್ಲೇ ಒಂದು ಗಾಯ ಬೀಳುತ್ತದೆ.

ಎರಡನೆಯದು ಕ್ಯಾಮ್ (ಟೂಲಿನ ದಾರಿಯ ಪ್ರೋಗ್ರಾಂ ಬರೆದುಕೊಡುವ) ಸಾಫ್ಟ್‌ವೇರಿಗೆ ಬಿಡುವುದು. ಟೂಲಿನ ವಿವರದಲ್ಲಿ 0.4 ಹಾಕಿದರೆ ಅದೇ ದಾರಿ ಸರಿಸಿ ಕೊಡುತ್ತದೆ. ಅಪಾಯ ಒಂದೇ. ಕ್ಯಾಮೂ ಸರಿಸಿ, ಕಂಟ್ರೋಲರೂ ಸರಿಸಿದರೆ ಲೆಕ್ಕ ಎರಡು ಸಲ ಆಗಿಬಿಡುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಈ ಕೆಲಸ ಕೊಡಿ.

ಮೂರನೆಯದು ಕೈಲೆಕ್ಕ. ಒಂದೇ ಗುಂಡಿಗೆ ನನಗೆ ಇದೇ ಇಷ್ಟ, ಯಾಕೆಂದರೆ ಏನಾಗುತ್ತಿದೆ ಅಂತ ಅರ್ಥವಾಗುತ್ತದೆ. 10ರ ಬದಲು 10.4 ರೇಡಿಯಸ್ಸಿನ ಕಮಾನು ಬರೆಯಿರಿ. ಗುಂಡಿನ ತುದಿ ಝಡ್ 0 ಅಂತ ಇಟ್ಟುಕೊಂಡರೆ, ಶುರು ಮಾಡುವುದು ಎಕ್ಸ್ -0.8, ಝಡ್ 0. ಶುರುವಿನ ಬಿಂದುವಿನಿಂದ ಕಮಾನಿನ ಕೇಂದ್ರಕ್ಕೆ ಐ (ಎಕ್ಸ್ ಕಡೆಯ ದೂರ) 0, ಕೆ (ಝಡ್ ಕಡೆಯ ದೂರ) -10.4. ಸೊಂಟ ಬರುವುದು ಎಕ್ಸ್ 20, ಝಡ್ -10.4ರಲ್ಲಿ. ಸೊಂಟದ ಆಚೆಗೂ ಅದೇ ಕಮಾನು ಮುಂದುವರಿಯುತ್ತದೆ. ಟೂಲ್ ನಡುಗೆರೆ ದಾಟಿ ಮೈನಸ್‌ಗೆ ಹೋಯಿತಲ್ಲ ಅಂತ ಗಾಬರಿ ಬೇಡ. ಆಗಲೇ ಮೂಗಿನ ಕೇಂದ್ರ ಸರಿಯಾಗಿ ಸ್ಪಿಂಡಲ್ ನಡುಗೆರೆಗೆ ಬರುವುದು. ಕತ್ತಿನ ಹತ್ತಿರ ಮಾತ್ರ ಕಮಾನನ್ನು ಸ್ವಲ್ಪ ಮುಂಚೆ ನಿಲ್ಲಿಸಿ. ಒಳಮೂಲೆಯಲ್ಲಿ 0.4ರ ದುಂಡು ಉಳಿದೇ ಉಳಿಯುತ್ತದೆ. ಅದನ್ನೂ ತೆಗೆಯಲು ಹೋದರೆ ಮೂಗು ಕತ್ತನ್ನು ಕೊರೆಯುತ್ತದೆ.

"ಚೂಪು ಟೂಲ್ ಹಾಕಿದರೆ ಈ ತಲೆನೋವೇ ಇಲ್ಲ ಅಲ್ವಾ?" ಅಂತ ಕೇಳಬಹುದು. 0.2ರ ಇನ್ಸರ್ಟ್ ಹಾಕಿದರೆ ದೋಷ ಅರ್ಧವಾಗುತ್ತದೆ, ನಿಜ. ಆದರೆ ಮೈ ಒರಟಾಗುತ್ತದೆ. ಒಂದು ಸುತ್ತಿಗೆ 0.1 ಮಿ.ಮೀ. ಫೀಡಿನಲ್ಲಿ 0.4ರ ಮೂಗು ಬಿಡುವ ಗೆರೆಗಳ ಆಳ ಲೆಕ್ಕದ ಪ್ರಕಾರ 3 ಮೈಕ್ರಾನ್, 0.2ರದ್ದು 6. ಪೂರ್ತಿ ಚೂಪು ತುದಿ ಬೇಗ ಸವೆಯುತ್ತದೆ. ಸವೆದ ಮೇಲೆ ಅದಕ್ಕೂ ಒಂದು ಮೂಗು ಬಂದಿರುತ್ತದೆ, ಎಷ್ಟು ಅಂತ ಮಾತ್ರ ನಿಮಗೆ ಗೊತ್ತಿರುವುದಿಲ್ಲ.

ಇನ್ನು ಚಿಕ್ಕ ದೋಷಕ್ಕೆ ಬರೋಣ. ಇದು ನಿಜಕ್ಕೂ ಯಂತ್ರದ್ದೇ.

ಮೂಗಿನ ತಪ್ಪು ಸೊಂಟದ ವ್ಯಾಸವನ್ನು ಮುಟ್ಟುವುದಿಲ್ಲ. ಅಲ್ಲಿ ಟೂಲ್ ಸಿಲಿಂಡರ್ ತಿರುವಿದ ಹಾಗೇ ಇರುತ್ತದೆ. ಸಿಲಿಂಡರ್ 20.00 ಬರುವಾಗ ಸೊಂಟವೂ 20.00 ಬರಬೇಕಿತ್ತು. ಬಂದದ್ದು 19.92. ಈ 0.08 ಎಲ್ಲಿ ಹೋಯಿತು? ಸಿಲಿಂಡರ್ ತಿರುವುವಾಗ ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಕ್ಕೆ ಒಯ್ಯುವ ಭಾಗ) ಹೊರಗಿನಿಂದ ಒಳಗೆ ಬಂದು ನಿಲ್ಲುತ್ತದೆ. ಟೂಲ್ ಸೆಟ್ ಮಾಡಿದ್ದೂ ಹಾಗೇ. ಗುಂಡು ಶುರುವಾಗುವಾಗ ಅದು ನಡುಗೆರೆಗೆ ಬಂದು, ದಿಕ್ಕು ಬದಲಿಸಿ, ಹೊರಗೆ ಹೋಗಬೇಕು. ಸ್ಕ್ರೂ ತಿರುಗುತ್ತದೆ, ಆದರೆ ನಟ್ಟಿನ ಸಡಿಲ ಮುಗಿಯುವ ತನಕ ಸ್ಲೈಡ್ ಅಲ್ಲಾಡುವುದಿಲ್ಲ. ಅಲ್ಲಿಂದ ಸೊಂಟದ ತನಕ ಟೂಲ್ 0.04 ಒಳಗೇ ಇರುತ್ತದೆ. ಎರಡೂ ಬದಿ ಸೇರಿ 0.08.

ಸೊಂಟದಲ್ಲಿ ಮತ್ತೆ ದಿಕ್ಕು ಬದಲು. ಮತ್ತೆ ಅದೇ 0.04 ಸಡಿಲ. ಅದು ಮುಗಿಯುವ ತನಕ ಎಕ್ಸ್ ನಿಂತಿರುತ್ತದೆ, ಝಡ್ ಮಾತ್ರ ಓಡುತ್ತದೆ. ಅಂದರೆ ಆ ಹೊತ್ತಿನಲ್ಲಿ ನೀವು ಸಿಲಿಂಡರ್ ತಿರುವುತ್ತಿದ್ದೀರಿ. ನಿಮ್ಮ ಹೊಳೆಯುವ ಪಟ್ಟಿ ಅದೇ. 10ರ ಕಮಾನು 0.04 ಇಳಿಯಲು ಝಡ್ 0.9 ಮಿ.ಮೀ. ಓಡಬೇಕು. ನೀವು ಬರೆದದ್ದು "ಒಂದು ಮಿ.ಮೀ. ಅಗಲದ ಪಟ್ಟಿ". ಎರಡು ಬೇರೆ ಗುರುತುಗಳು ಒಂದೇ ಸಂಖ್ಯೆಯ ಕಡೆ ಬೆರಳು ತೋರಿಸುತ್ತಿವೆ, ಹಾಗಾಗಿ 0.04 ಅಂತ ಧೈರ್ಯವಾಗಿ ಹೇಳುತ್ತೇನೆ. ನೀವು ಸಾಫ್ಟ್‌ವೇರಿನಲ್ಲಿ ಹಾಕಿದ 0.1 ಅದರ ಎರಡೂವರೆ ಪಟ್ಟು. ಸಿಲಿಂಡರ್ ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ ಡಯಲ್ ಗೇಜ್ ಇಟ್ಟು ಖಾತ್ರಿ ಮಾಡಿಕೊಳ್ಳಿ. ಸ್ಲೈಡನ್ನು ಒಂದೇ ದಿಕ್ಕಿನಲ್ಲಿ 1 ಮಿ.ಮೀ. ಓಡಿಸಿ ಡಯಲ್ ಸೊನ್ನೆ ಮಾಡಿ. ಈಗ ಅದೇ ದಿಕ್ಕಿನಲ್ಲಿ ಇನ್ನೊಂದು 0.5 ಹೋಗಿ, 0.5 ವಾಪಸ್ ಬನ್ನಿ. ಸೊನ್ನೆಗೆ ಬರದೆ ಉಳಿದಿದ್ದೇ ಸಡಿಲ. ಸ್ಲೈಡಿನ ಎರಡು ಮೂರು ಜಾಗಗಳಲ್ಲಿ ಮಾಡಿ, ಯಾಕೆಂದರೆ ಹಳೆಯ ಸ್ಕ್ರೂ ಜಾಸ್ತಿ ಓಡಾಡಿದ ಕಡೆ ಜಾಸ್ತಿ ಸವೆದಿರುತ್ತದೆ. ಆಮೇಲೆ ಸ್ಲೈಡನ್ನು ಕೈಯಲ್ಲಿ ಹಿಂದೆ ಮುಂದೆ ಎಳೆಯುತ್ತಾ ಸ್ಕ್ರೂ ತುದಿಗೆ ಡಯಲ್ ಹಿಡಿಯಿರಿ. ಸ್ಕ್ರೂವೇ ಹಿಂದೆ ಮುಂದೆ ಆಡಿದರೆ ತಪ್ಪು ಬೇರಿಂಗಿನದ್ದು. ಸ್ಕ್ರೂ ಸುಮ್ನೆ ಇದ್ದು ಸ್ಲೈಡ್ ಮಾತ್ರ ಆಡಿದರೆ ನಟ್ಟಿನದ್ದು. ಈ ಪರೀಕ್ಷೆ ಮಾಡದೆ ಬಾಲ್ ಸ್ಕ್ರೂ ತಂದವರನ್ನು ನೋಡಿದ್ದೇನೆ. ತುದಿಯ ಬೇರಿಂಗ್ ಸಡಿಲವಾಗಿದ್ದರೆ ಎಂಥ ಸ್ಕ್ರೂ ಹಾಕಿದರೂ ಆ ಸಡಿಲ ಅಲ್ಲೇ ಕೂತಿರುತ್ತದೆ.

ಬೇರಿಂಗಿನದ್ದಾದರೆ ಲಾಕ್ ನಟ್ ಬಿಗಿ ಮಾಡಿದರೆ ಬಹಳಷ್ಟು ಹೋಗುತ್ತದೆ. ನಟ್ಟಿನದ್ದಾದರೆ ಎರಡು ಭಾಗದ, ಹೊಂದಿಸಬಹುದಾದ ನಟ್ ಸಿಗುತ್ತದೆ. ಜಿಬ್ ಬಿಗಿ ಮಾಡಿ ಸಡಿಲ ಮುಚ್ಚಲು ಹೋಗಬೇಡಿ. ಸ್ಲೈಡ್ ಬಿಗಿಯಾದರೆ ಮೋಟಾರ್ ಸ್ಟೆಪ್ ಕಳೆದುಕೊಳ್ಳುತ್ತದೆ, ಅದು ಇನ್ನೂ ಕೆಟ್ಟ ಕಾಯಿಲೆ.

ಸಾಫ್ಟ್‌ವೇರ್ ಬ್ಯಾಕ್‌ಲ್ಯಾಶ್ 0.04 ಅಂತ ಹಾಕಬಹುದಾ? ಹಾಕಬಹುದು, ಆದರೆ ಅದರ ಮಿತಿ ಗೊತ್ತಿರಲಿ. ದಿಕ್ಕು ಬದಲಾದಾಗ ಅದು ಮೋಟಾರನ್ನು ಆ ಸಡಿಲದಷ್ಟು ಜಾಸ್ತಿ ಓಡಿಸುತ್ತದೆ, ಅಷ್ಟೇ. ಸಡಿಲ ಅಲ್ಲೇ ಇರುತ್ತದೆ. ಕಟ್ ಭಾರವಾದರೆ ಕತ್ತರಿಸುವ ಬಲವೇ ಸ್ಲೈಡನ್ನು ಆ ಸಡಿಲದೊಳಗೆ ಹೊರಗೆ ತಳ್ಳುತ್ತದೆ, ಆಗ ಲೆಕ್ಕ ತಪ್ಪುತ್ತದೆ. ಕೊನೆಯ ಕಟ್ ಹಗುರವಾಗಿದ್ದರೆ, ಎಲ್ಲಾ ಕಡೆ ಸಮನಾಗಿ 0.2 ಮಿ.ಮೀ. ಬಿಟ್ಟುಕೊಂಡಿದ್ದರೆ, ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಸೊಂಟದಲ್ಲಿ ಒಂದು ಸಣ್ಣ ಗೆರೆ ಕಾಣಬಹುದು.

ನಾನಾಗಿದ್ದರೆ ಇನ್ನೊಂದು ಉಪಾಯ ಮಾಡುತ್ತಿದ್ದೆ. ಕೊನೆಯ ಕಟ್ಟನ್ನು ಎರಡು ಭಾಗ ಮಾಡಿ. ಸೊಂಟದಿಂದ ಕತ್ತಿಗೆ ಒಂದು ಕಟ್, ಸೊಂಟದಿಂದ ಮುಂದಿನ ತುದಿಗೆ ಇನ್ನೊಂದು. ಎರಡರಲ್ಲೂ ಎಕ್ಸ್ ಒಳಮುಖವಾಗಿಯೇ ಚಲಿಸುತ್ತದೆ, ಅಂದರೆ ನೀವು ಟೂಲ್ ಸೆಟ್ ಮಾಡಿದ ದಿಕ್ಕಿನಲ್ಲೇ. ಹೊರಗಿನಿಂದ ಒಳಗೆ ಬಂದು ಸೊಂಟ ಮುಟ್ಟಿದರೆ ಸಡಿಲ ಆಗಲೇ ಮುಗಿದಿರುತ್ತದೆ. ಝಡ್ ಈಗ ಎರಡು ದಿಕ್ಕಿಗೂ ಓಡುತ್ತದಲ್ಲ ಅನ್ನುತ್ತೀರಾ? ಸೊಂಟದಲ್ಲಿ ಮೈ ಅಕ್ಷಕ್ಕೆ ಸಮಾನಾಂತರವಾಗಿರುತ್ತದೆ, ಅಲ್ಲಿ ಝಡ್ ನೂರರಲ್ಲಿ ಕೆಲವು ಭಾಗ ಮಿ.ಮೀ. ಸರಿದರೂ ವ್ಯಾಸದಲ್ಲಿ ಕಾಣುವುದಿಲ್ಲ. ಗುಂಡಿನ ಉದ್ದದಲ್ಲಿ ಮಾತ್ರ ಝಡ್ ಸಡಿಲದಷ್ಟು ವ್ಯತ್ಯಾಸ ಬರುತ್ತದೆ. ಮುಂದಿನ ಅರ್ಧದ ಕಟ್ಟಿಗೆ ಬರುವಾಗ ಝಡ್ಡನ್ನು ಸ್ವಲ್ಪ ಚಕ್ ಕಡೆಯಿಂದ ತಂದರೆ ಅದರ ಸಡಿಲ ಕಟ್ ಶುರುವಾಗುವ ಮೊದಲೇ ಮುಗಿದಿರುತ್ತದೆ, ಉದ್ದದ ಆ ವ್ಯತ್ಯಾಸ ಮಾತ್ರ ಉಳಿಯುತ್ತದೆ.

ಮೈಕ್ರೋಸ್ಟೆಪ್ ವಿಷಯ ಬೇಗ ಮುಗಿಸುತ್ತೇನೆ. 200 ಸ್ಟೆಪ್ಪಿನ ಮೋಟಾರು, 8 ಮೈಕ್ರೋಸ್ಟೆಪ್, 5 ಮಿ.ಮೀ. ಪಿಚ್ಚಿನ ಸ್ಕ್ರೂ ಇದ್ದರೆ ಒಂದು ಮಿ.ಮೀ.ಗೆ 320 ಹೆಜ್ಜೆ, ಒಂದು ಹೆಜ್ಜೆಗೆ 3 ಮೈಕ್ರಾನ್ ಚಿಲ್ಲರೆ. ನಿಮ್ಮ ದೋಷ ನೂರಾರು ಮೈಕ್ರಾನ್. ಹೆಜ್ಜೆಯನ್ನು ಇನ್ನೂ ಸಣ್ಣದು ಮಾಡಿದರೆ ಚಲನೆ ನುಣುಪಾಗಬಹುದು, ಆಕಾರ ಬದಲಾಗುವುದಿಲ್ಲ.

ಬೇರೆ ಓದುಗರಿಗೆ ಬೇರೆ ಲಕ್ಷಣ ಕಾಣಬಹುದು, ಅವರಿಗಾಗಿ ಎರಡು ಮಾತು. ಗುಂಡು ಮೊಟ್ಟೆಯ ಹಾಗೆ ಉದ್ದವಾಗಿದ್ದರೆ ಒಂದು ಆಕ್ಸಿಸ್‌ನ ಹೆಜ್ಜೆ ಲೆಕ್ಕ ನೋಡಿ. ಇಂಚಿನ ಸ್ಕ್ರೂಗೆ ಮಿ.ಮೀ. ಲೆಕ್ಕ ಹಾಕಿದವರು ಬಹಳ. ತುದಿಯಲ್ಲಿ ಮೊಳಕೆಯಂಥ ಚುಕ್ಕೆ ಉಳಿದರೆ ಟೂಲ್ ಸೆಂಟರಿನ ಎತ್ತರ ತಪ್ಪಿದೆ. 0.2 ಕೆಳಗಿದ್ದರೆ 0.4 ವ್ಯಾಸದ ಮೊಳಕೆ ಉಳಿಯುತ್ತದೆ. ಮೈಮೇಲೆ ಹರಳಿನ ಮುಖದ ಹಾಗೆ ಪಟ್ಟಿಗಳಿದ್ದರೆ ಕ್ಯಾಮ್ ಕಮಾನನ್ನು ಸಣ್ಣ ನೇರ ಗೆರೆಗಳಾಗಿ ಒಡೆದಿದೆ. ಟಾಲರೆನ್ಸ್ ಇಳಿಸಿ, ಇಲ್ಲವೇ ಜಿ2, ಜಿ3 (ಕಮಾನಿನ ಆಜ್ಞೆಗಳು) ಆಗಿಯೇ ಕೊಡಲು ಹೇಳಿ. ಪ್ರತಿ ಜಾಬಿಗೂ ಅಳತೆ ಒಂದೇ ಕಡೆಗೆ ಜಾರುತ್ತಾ ಹೋದರೆ ಸ್ಟೆಪ್ ಕಳೆಯುತ್ತಿದೆ. ಕಮಾನಿನ ಪ್ರೋಗ್ರಾಮನ್ನು ಗಾಳಿಯಲ್ಲಿ 20 ಸಲ ಓಡಿಸಿ, ಡಯಲ್ ಸೊನ್ನೆಗೆ ಬರುತ್ತದಾ ನೋಡಿ. ದಿಕ್ಕು ಬದಲಾದಾಗಲೆಲ್ಲ ಒಂದೊಂದೇ ಹೆಜ್ಜೆ ಹೋಗುತ್ತಿದ್ದರೆ ಡ್ರೈವರಿಗೆ ಕೊಡುವ ಸ್ಟೆಪ್ ಸಿಗ್ನಲಿನ ಪೊಲಾರಿಟಿ ತಿರುಗಿಸಿ ನೋಡಿ. ಮೋಟಾರ್ ಬದಲಿಸುವ ಮೊದಲು!

ನಿಮ್ಮ ಟೂಲಿನ ಬಗ್ಗೆ ಒಂದು ಎಚ್ಚರಿಕೆ. 35 ಡಿಗ್ರಿ ಇನ್ಸರ್ಟ್ 93 ಡಿಗ್ರಿಯ ಹೋಲ್ಡರಿನಲ್ಲಿ ಕೂತರೆ ಹಿಂಬದಿಯಲ್ಲಿ ಉಳಿಯುವುದು 52 ಡಿಗ್ರಿ. 13 ಮಿ.ಮೀ. ಕತ್ತಿನ ತನಕ ಇಳಿಯಲು ನಿಮಗೆ ಸುಮಾರು 49.5 ಡಿಗ್ರಿ ಬೇಕು. ಅಂದರೆ ಕೂದಲೆಳೆಯಲ್ಲಿ ಪಾರು. ಹೋಲ್ಡರ್ ಎರಡು ಮೂರು ಡಿಗ್ರಿ ವಾಲಿ ಕೂತರೂ ಟೂಲಿನ ಬೆನ್ನು ಗುಂಡಿಗೆ ಉಜ್ಜುತ್ತದೆ, ಕತ್ತಿನ ಹತ್ತಿರ ಕಮಾನಿನ ಬದಲು ನೇರ ಕೋನ್ ಬರುತ್ತದೆ. ಕತ್ತು ಇನ್ನೂ ಸಣ್ಣದು ಬೇಕಾದರೆ ದುಂಡು ಇನ್ಸರ್ಟ್ ಅಥವಾ ಎರಡೂ ಕಡೆ ಸಮನಾದ ನ್ಯೂಟ್ರಲ್ ಹೋಲ್ಡರ್ ತೆಗೆದುಕೊಳ್ಳಿ. ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಮೊದಲು ಅಲ್ಲಿ ಮಾಡಿ.

ಮೂಗಿನ ಲೆಕ್ಕ ಹಾಕಿ ಹೊಸ ಗುಂಡು ತಿರುವಿದ ಮೇಲೆ ವರ್ನಿಯರ್ ಪಕ್ಕಕ್ಕಿಡಿ. 12 ಮಿ.ಮೀ. ಒಳವ್ಯಾಸದ ಒಂದು ಕೊಳವೆ ತುಂಡಿನ ತುದಿಯನ್ನು ಚೊಕ್ಕವಾಗಿ ಫೇಸ್ ಮಾಡಿ, ಒಳಅಂಚನ್ನು ಚೂಪಾಗಿಯೇ ಬಿಡಿ. ಗುಂಡಿಗೆ ತೆಳ್ಳಗೆ ಮಾರ್ಕಿಂಗ್ ಬ್ಲೂ (ತಾಗಿದ ಜಾಗ ತೋರಿಸುವ ನೀಲಿ ಬಣ್ಣ) ಸವರಿ, ಕೊಳವೆಯನ್ನು ಅದರ ಮೇಲೆ ಕೂರಿಸಿ ಚೂರು ತಿರುಗಿಸಿ. ಮೊದಲು ತುದಿಯಲ್ಲಿ, ಆಮೇಲೆ ಪಕ್ಕಕ್ಕೆ ವಾಲಿಸಿ, ಆಮೇಲೆ ಸೊಂಟದ ಮೇಲೆ. ನಿಜವಾದ ಗುಂಡಾದರೆ ಎಲ್ಲಿ ಇಟ್ಟರೂ ಅಂಚಿನ ಸುತ್ತ ನೀಲಿ ಉಂಗುರ ತುಂಡಾಗದೆ ಬರುತ್ತದೆ. ತುದಿಯಲ್ಲಿ ಪೂರ್ತಿ ಉಂಗುರ ಬಂದು, ಸೊಂಟದಲ್ಲಿ ಮಾತ್ರ ಅದು ತುಂಡಾದರೆ, ಆ 0.04 ಇನ್ನೂ ಮನೆ ಬಿಟ್ಟಿಲ್ಲ. ಆಗ ಲಾಕ್ ನಟ್ಟಿನ ಸ್ಪ್ಯಾನರ್ ಹುಡುಕಿ.